ಗಣಕಯಂತ್ರದ ಆಯ್ಕೆ: ಒಂದು ವಿವೇಚನೆ

ವಿದ್ಯಾದಾನಕ್ಕೆಂದು ಬರುವ ಪ್ರತಿಯೊಂದು ಕಾಣಿಕೆಯೂ ದಾನಿಯ ಕಾಯಕದ ಫಲ. ಅದು ಸದ್ವಿನಿಯೋಗವಾಗಬೇಕೆಂಬುದು ಶ್ರೀಮಠದ ವಿದ್ಯಾಸಂಸ್ಥೆಗಳು ಮೊದಲಿನಿಂದಲೂ ಪಾಲಿಸಿಕೊಂಡು ಬಂದಿರುವ ನಿಯಮ. ಹಿಂದೆ ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟರು; ಪ್ರಸಾದನಿಲಯಕ್ಕೆ ದವಸಧಾನ್ಯಗಳನ್ನು ಕಳುಹಿಸಿದರು; ಗ್ರಂಥಾಲಯಕ್ಕೆ ಕಪಾಟುಗಳನ್ನು ಮಾಡಿಸಿಕೊಟ್ಟರು. ಇಂದು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಗಣಕಯಂತ್ರಗಳನ್ನು ಕೊಡಲು ಮುಂದೆ ಬರುತ್ತಿದ್ದಾರೆ. ಕೊಠಡಿಯ ಉದ್ದಗಲ, ಧಾನ್ಯದ ತೂಕ ಇವು ಎಲ್ಲರಿಗೂ ತಿಳಿಯುವಂಥವು. ಗಣಕಯಂತ್ರದ ಗುಣವಾದರೋ ಹಾಗೆ ಹೊರನೋಟಕ್ಕೆ ಗೋಚರವಾಗುವುದಿಲ್ಲ.

ಈ ಲೇಖಕನು ಬಲ್ಲ ಒಂದು ಶಾಲೆಗೆ ಕೆಲವು ವರ್ಷಗಳ ಹಿಂದೆ ಸದ್ಭಕ್ತರೊಬ್ಬರು, ದೊಡ್ಡ ಕಚೇರಿಯೊಂದರಲ್ಲಿ ಬಳಸಿ ತೆಗೆದಿದ್ದ ಸರ್ವರ್ ಯಂತ್ರವನ್ನು ಕೊಂಡು ಒಪ್ಪಿಸಿದರು. 28 ಕೋರುಗಳ ಯಂತ್ರವೆಂದು ಎಲ್ಲರೂ ಹಿಗ್ಗಿದರು. ಆದರೆ ಅದರ ಫ್ಯಾನುಗಳ ಸದ್ದಿಗೆ ಪಕ್ಕದ ತರಗತಿಯಲ್ಲಿ ಪಾಠ ಕೇಳಿಸದಂತಾಯಿತು. ಶಾಲೆಯ ಯುಪಿಎಸ್ ಅದರ ಭಾರವನ್ನು ತಾಳಲಿಲ್ಲ. ಮಕ್ಕಳ ಪಾಠಗಳು ಹಳೆಯ ಡೆಸ್ಕ್‌ಟಾಪಿನಲ್ಲಿ ತೆರೆದುಕೊಂಡಷ್ಟು ಬೇಗ ಅದರಲ್ಲಿ ತೆರೆದುಕೊಳ್ಳಲೂ ಇಲ್ಲ. ಇಂದು ಅದರ ಮೇಲೆ ಬಟ್ಟೆ ಹೊದಿಸಿದೆ. ದಾನಿಗಳ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಸಲಹೆ ಕೊಟ್ಟವರ ವಿವೇಚನೆಯಲ್ಲಿ ಕೊರತೆಯಿತ್ತು. ಹಾಗೆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮರೆಮಾಚಲಾರೆ. ಅಂಥ ತಪ್ಪು ಮರುಕಳಿಸಬಾರದೆಂಬುದೇ ಈ ಲೇಖನದ ಉದ್ದೇಶ.

ಕೋರುಗಳು ಹೆಚ್ಚಿದ ಬಗೆ

ಗಣಕಯಂತ್ರದಲ್ಲಿ ಲೆಕ್ಕ ಮಾಡುವ, ಆಜ್ಞೆಗಳನ್ನು ನಡೆಸುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. 1971ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದು, ಅದು ಸೆಕೆಂಡಿಗೆ ಹೆಚ್ಚೆಂದರೆ 7 ಲಕ್ಷ 40 ಸಾವಿರ ಸಲ ಮಿಡಿಯುತ್ತಿತ್ತು. 2004ರ ವೇಳೆಗೆ ಈ ಮಿಡಿತವು 380 ಕೋಟಿಗೆ, ಎಂದರೆ 3.8 ಗಿಗಾಹರ್ಟ್ಸ್‌ಗೆ ಏರಿತು. ಅಲ್ಲಿಗೆ ಓಟ ಕುಂಠಿತವಾಯಿತು. ಮಿಡಿತ ಏರಿದಂತೆಲ್ಲ ಶಾಖವೂ ಏರಿ, ಅಂಗೈಗಿಂತ ಚಿಕ್ಕದಾದ ತುಣುಕನ್ನು ತಣ್ಣಗಿಡುವುದೇ ಕಷ್ಟವಾಯಿತು. 4 ಗಿಗಾಹರ್ಟ್ಸ್ ವೇಗದ ಪೆಂಟಿಯಮ್ 4 ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು.

ವೇಗವನ್ನು ಹೆಚ್ಚಿಸಲಾಗದಿದ್ದರೆ ಸಂಖ್ಯೆಯನ್ನು ಹೆಚ್ಚಿಸೋಣವೆಂದು ತಂತ್ರಜ್ಞರು ಹೊಸ ಮಾರ್ಗ ಹಿಡಿದರು. ಒಂದೇ ಪ್ರೊಸೆಸರಿನಲ್ಲಿ ಸ್ವತಂತ್ರವಾಗಿ ದುಡಿಯಬಲ್ಲ ಹಲವು ಘಟಕಗಳನ್ನು ಕೂಡಿಸಿದರು. ಇವೇ ಕೋರುಗಳು. 2005ರಲ್ಲಿ ಮನೆಬಳಕೆಯ ಯಂತ್ರಗಳಿಗೆ ಎರಡು ಕೋರುಗಳ ಪ್ರೊಸೆಸರುಗಳು ಬಂದವು. ಆ ಬೀಜ ಇಂದು ಹೆಮ್ಮರವಾಗಿ, ಒಂದೇ ಪ್ರೊಸೆಸರಿನಲ್ಲಿ ನೂರಕ್ಕೂ ಮಿಕ್ಕಿ ಕೋರುಗಳಿರುವ ಕಾಲ ಬಂದಿದೆ.

ಒಂದೇ ಬಳ್ಳಿಯ ಎರಡು ಕವಲು

ಮಾತು ಸ್ಪಷ್ಟವಾಗಲೆಂದು ಎಎಂಡಿ ಸಂಸ್ಥೆಯ ಎರಡು ಪ್ರೊಸೆಸರುಗಳನ್ನು ಹೋಲಿಸೋಣ. ಮೊದಲನೆಯದು 2023ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 7800ಎಕ್ಸ್3ಡಿ. ಇದು ಗಣಕದಲ್ಲಿ ಆಟವಾಡುವವರಿಗೆಂದೇ ರೂಪಿಸಿದ್ದು. ಎರಡನೆಯದು 2022ರ ನವೆಂಬರ್‌ನಲ್ಲಿ ಬಂದ ಎಪಿಕ್ 9654. ಇದು ಸರ್ವರ್ ಯಂತ್ರಗಳಿಗೆಂದು ರೂಪಿಸಿದ್ದು. ಎರಡರ ಕೋರುಗಳೂ ಜೆನ್ 4 ಎಂಬ ಒಂದೇ ವಿನ್ಯಾಸದವು. ಎಂಟು ಕೋರುಗಳುಳ್ಳ ಸಿಲಿಕಾನ್ ತುಣುಕೊಂದು ಎರಡಕ್ಕೂ ಮೂಲ ಘಟಕ. ಆಟದ ಪ್ರೊಸೆಸರಿನಲ್ಲಿ ಅಂಥ ತುಣುಕು ಒಂದೇ ಒಂದು; ಸರ್ವರ್ ಪ್ರೊಸೆಸರಿನಲ್ಲಿ ಹನ್ನೆರಡು. ಆದ್ದರಿಂದ ಒಂದರಲ್ಲಿ 8 ಕೋರುಗಳು, ಇನ್ನೊಂದರಲ್ಲಿ 96.

ಒಂದೇ ಬಳ್ಳಿಯ ಕವಲುಗಳಾದರೂ ಗುಣದಲ್ಲಿ ಭೇದವುಂಟು. ಎಂಟು ಕೋರಿನದು ಗರಿಷ್ಠ 5 ಗಿಗಾಹರ್ಟ್ಸ್ ವೇಗ ಮುಟ್ಟಬಲ್ಲದು; ತೊಂಬತ್ತಾರು ಕೋರಿನದು ಗರಿಷ್ಠ 3.7. ಮೊದಲನೆಯದಕ್ಕೆ ನಿಗದಿಯಾದ ವಿದ್ಯುತ್ ಮಿತಿ 120 ವ್ಯಾಟ್, ಎರಡನೆಯದಕ್ಕೆ 360 ವ್ಯಾಟ್. ಕೋರುಗಳ ಮೇಲೆ ಹಂಚಿದರೆ ಮೊದಲನೆಯದರಲ್ಲಿ ಕೋರಿಗೆ 15 ವ್ಯಾಟ್, ಎರಡನೆಯದರಲ್ಲಿ 4 ವ್ಯಾಟಿಗೂ ಕಡಿಮೆ. ಅರೆಹೊಟ್ಟೆಯಲ್ಲಿ ದುಡಿಯುವ ಆಳು ಉಂಡ ಆಳಿನಷ್ಟು ವೇಗವಾಗಿ ಓಡಲಾರನಷ್ಟೆ. ಬಿಡುಗಡೆಯಾದಾಗ ಮೊದಲನೆಯದರ ಬೆಲೆ 449 ಡಾಲರ್. ಎರಡನೆಯದರದು 11,805 ಡಾಲರ್, ಎಂದರೆ ಸುಮಾರು ಇಪ್ಪತ್ತಾರು ಪಟ್ಟು.

ದಾಸೋಹದ ಅಡುಗೆಮನೆ

ಹನ್ನೆರಡು ಪಟ್ಟು ಕೋರುಗಳಿದ್ದರೆ ಕೆಲಸವೂ ಹನ್ನೆರಡು ಪಟ್ಟು ಬೇಗ ಮುಗಿಯಬೇಕಲ್ಲವೆ? ಈ ಪ್ರಶ್ನೆಗೆ ಉತ್ತರ ನಮ್ಮ ದಾಸೋಹದ ಅಡುಗೆಮನೆಯಲ್ಲಿಯೇ ಇದೆ. ಜಾತ್ರೆಯ ದಿನ ಕಾಯಿಪಲ್ಲೆ ಹೆಚ್ಚಲು, ರೊಟ್ಟಿ ಬಡಿಯಲು ನೂರು ಜನ ಕುಳಿತರೆ ನೂರು ಕೈಗಳೂ ಸಾರ್ಥಕ. ಆದರೆ ಸಾರಿನ ಕೊಪ್ಪರಿಗೆಗೆ ಒಗ್ಗರಣೆ ಕೊಟ್ಟು, ರುಚಿ ನೋಡಿ, ಉಪ್ಪು ಹುಳಿಗಳ ಹದ ಕೂಡಿಸುವ ಕೆಲಸ ಹಿರಿಯ ಬಾಣಸಿಗರೊಬ್ಬರದೇ. ಒಂದಾದ ಮೇಲೆ ಒಂದು ನಡೆಯಬೇಕಾದ ಆ ಕೆಲಸಕ್ಕೆ ನೂರು ಜನ ಸೌಟು ಹಿಡಿದು ನಿಂತರೆ ಪ್ರಯೋಜನವಿಲ್ಲ. ಅಲ್ಲಿ ಬೇಕಾದುದು ಚುರುಕಾದ ಒಂದು ಕೈ.

ಐಬಿಎಂ ಸಂಸ್ಥೆಯ ಸಿಸ್ಟಮ್ 360 ಯಂತ್ರಗಳ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಜೀನ್ ಆಮ್ಡಾಲ್ ಎಂಬ ವಿಜ್ಞಾನಿ 1967ರಲ್ಲಿ ಈ ತತ್ತ್ವವನ್ನು ಗಣಕಗಳ ಸಂಬಂಧದಲ್ಲಿ ಮುಂದಿಟ್ಟರು. ಕೆಲಸದ ಹಂಚಲಾಗದ ಭಾಗವು ಒಟ್ಟು ವೇಗಕ್ಕೆ ಮಿತಿಯನ್ನು ಹಾಕುತ್ತದೆ ಎಂಬುದು ಅದರ ಸಾರ. ಒಂದು ವೇಗದ ಕೋರಿಗೆ 100 ನಿಮಿಷ ಹಿಡಿಯುವ ಕೆಲಸವೊಂದಿದೆ, ಅದರಲ್ಲಿ ಅರ್ಧ ಭಾಗವನ್ನು ಹಂಚಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಎಂಟು ಕೋರುಗಳಿದ್ದರೆ ಹಂಚಲಾಗದ 50 ನಿಮಿಷಕ್ಕೆ ಉಳಿದ 50ರ ಎಂಟನೆಯ ಒಂದು ಭಾಗ ಕೂಡಿ ಸುಮಾರು 56 ನಿಮಿಷವಾಗುತ್ತದೆ. ತೊಂಬತ್ತಾರು ಕೋರುಗಳೂ ಅಷ್ಟೇ ವೇಗದವಾಗಿದ್ದರೆ 50 ನಿಮಿಷ ಮೀರಿ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅವುಗಳ ವೇಗ 5ರ ಬದಲು 3.7 ಆಗಿರುವುದರಿಂದ ಅದು ಸುಮಾರು 68 ನಿಮಿಷವಾಗುತ್ತದೆ. ಇಪ್ಪತ್ತಾರು ಪಟ್ಟು ಬೆಲೆಯ ಪ್ರೊಸೆಸರ್ ಇಲ್ಲಿ ಹಿಂದೆ ಬೀಳುತ್ತದೆ!

ಹಂಚಲಾಗದ ಭಾಗ ನೂರಕ್ಕೆ ಹತ್ತು ಮಾತ್ರ ಇದ್ದರೆ ಎಂಟು ಕೋರಿಗೆ ಸುಮಾರು 21 ನಿಮಿಷ, ತೊಂಬತ್ತಾರು ಕೋರಿಗೆ ಸುಮಾರು 15 ನಿಮಿಷ. ನೂರಕ್ಕೆ ಒಂದೇ ಭಾಗ ಇದ್ದರೆ 13 ನಿಮಿಷ ಮತ್ತು 3 ನಿಮಿಷ. ಇದು ವೇಗ ಮತ್ತು ಸಂಖ್ಯೆಗಳನ್ನಷ್ಟೇ ಹಿಡಿದು ಮಾಡಿದ ಸರಳ ಲೆಕ್ಕ. ಯಂತ್ರದೊಳಗಿನ ಇತರ ಅಡ್ಡಿಗಳನ್ನು ಇಲ್ಲಿ ಎಣಿಸಿಲ್ಲ. ಆದರೂ ತತ್ತ್ವ ಸ್ಪಷ್ಟವಾಗಿದೆ. ಎಷ್ಟು ಕೋರುಗಳಿವೆ ಎಂದು ಕೇಳುವ ಮುನ್ನ, ಕೆಲಸವು ಎಷ್ಟರಮಟ್ಟಿಗೆ ಹಂಚಿಹೋಗುತ್ತದೆ ಎಂದು ಕೇಳಬೇಕು.

ಆಟದ ಕೆಲಸ, ಫಲಿತಾಂಶದ ಕೆಲಸ

ಗಣಕದ ಆಟದಲ್ಲಿ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರದ ಸಿದ್ಧತೆಗೆ ದೊರೆಯುವ ಕಾಲ ಸೆಕೆಂಡಿನ ಅರುವತ್ತನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಆಟಗಾರನ ಬೆರಳಿನ ಸೂಚನೆಯನ್ನು ಗ್ರಹಿಸಿ, ಚೆಂಡೋ ಬಂಡಿಯೋ ಎಲ್ಲಿಗೆ ಸರಿಯಿತೆಂದು ಗುಣಿಸಿ, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಕೊಡಬೇಕು. ಒಂದು ಮುಗಿಯದೆ ಇನ್ನೊಂದು ಆರಂಭವಾಗದು. ಕೆಲವನ್ನು ಬೇರೆ ಕೋರುಗಳಿಗೆ ಹಂಚಬಹುದಾದರೂ ಮುಖ್ಯ ಸರಪಳಿ ಒಂದೇ. ಇದು ಬಾಣಸಿಗರ ಕೆಲಸ.

ಇದಕ್ಕೆ ನೆರವಾಗಲೆಂದು ಆಟದ ಪ್ರೊಸೆಸರಿನಲ್ಲಿ ಇನ್ನೊಂದು ಏರ್ಪಾಡಿದೆ. ಪ್ರೊಸೆಸರಿನ ಒಡಲಲ್ಲೇ ಇರುವ ಚಿಕ್ಕ ಸ್ಮೃತಿಗೆ ಕ್ಯಾಶ್ ಎನ್ನುತ್ತಾರೆ. ಉಪಾಧ್ಯಾಯರು ಪದೇ ಪದೇ ನೋಡುವ ಪುಸ್ತಕವನ್ನು ಮೇಜಿನ ಮೇಲೆಯೇ ಇಟ್ಟುಕೊಂಡರೆ ಪ್ರತಿ ಸಲ ಗ್ರಂಥಾಲಯಕ್ಕೆ ನಡೆಯುವುದು ತಪ್ಪುತ್ತದೆ; ಕ್ಯಾಶ್ ಅಂಥ ಮೇಜು. ಆಟದ ಪ್ರೊಸೆಸರಿನಲ್ಲಿ 32 ಮೆಗಾಬೈಟ್ ಮೂಲ ಕ್ಯಾಶಿನ ಜೊತೆಗೆ 64 ಮೆಗಾಬೈಟನ್ನು ಮತ್ತೊಂದು ಪದರವಾಗಿ ಸೇರಿಸಿದ್ದಾರೆ. ಎಂಟು ಕೋರುಗಳೂ ಹಂಚಿಕೊಳ್ಳುವ ಒಂದೇ ದೊಡ್ಡ ಮೇಜು ಅದು. ಸರ್ವರ್ ಪ್ರೊಸೆಸರಿನಲ್ಲಿ ಒಟ್ಟು 384 ಮೆಗಾಬೈಟ್ ಇದ್ದರೂ ಅದು 32ರಂತೆ ಹನ್ನೆರಡು ಪ್ರತ್ಯೇಕ ಮೇಜುಗಳಲ್ಲಿ ಹರಡಿದೆ. ಒಂದು ತುಣುಕಿನಿಂದ ಮತ್ತೊಂದಕ್ಕೆ ಸುದ್ದಿ ಹೋಗಬೇಕಾದರೆ ನಡುವಿನ ಇನ್ನೊಂದು ತುಣುಕನ್ನು ಹಾದು ಹೋಗಬೇಕು, ಅದರಿಂದ ವಿಳಂಬ.

ಇನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವನ್ನು ನೆನೆಯಿರಿ. ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ಒತ್ತಿ ಅಂಕಗಳಿಗಾಗಿ ಕಾಯುತ್ತಾರೆ. ಒಬ್ಬಳ ಅಂಕಪಟ್ಟಿ ಮತ್ತೊಬ್ಬನ ಅಂಕಪಟ್ಟಿಗಾಗಿ ಕಾಯಬೇಕಾಗಿಲ್ಲ. ಇದು ರೊಟ್ಟಿ ಬಡಿಯುವ ಕೆಲಸ. ಇಲ್ಲಿ ತೊಂಬತ್ತಾರು ಕೋರುಗಳೂ ಸಾರ್ಥಕ. ಅವುಗಳಿಗೆ ಮಾಹಿತಿ ಒದಗಿಸಲು ಸರ್ವರ್ ಪ್ರೊಸೆಸರಿಗೆ ಸ್ಮೃತಿಯ ಹನ್ನೆರಡು ಮಾರ್ಗಗಳಿವೆ, ಆಟದ ಪ್ರೊಸೆಸರಿಗೆ ಎರಡೇ. ಹಿಡಿಸುವ ಸ್ಮೃತಿ ಮೊದಲನೆಯದರಲ್ಲಿ 6 ಟೆರಾಬೈಟ್, ಎರಡನೆಯದರಲ್ಲಿ 128 ಗಿಗಾಬೈಟ್. 1988ರಲ್ಲಿ ಜಾನ್ ಗುಸ್ತಾಫ್ಸನ್ ಎಂಬ ವಿಜ್ಞಾನಿ ಆಮ್ಡಾಲರ ಲೆಕ್ಕಕ್ಕೆ ಇನ್ನೊಂದು ಮುಖವನ್ನು ತೋರಿಸಿದರು. ಯಂತ್ರ ದೊಡ್ಡದಾದಾಗ ಜನ ಅದಕ್ಕೆ ತಕ್ಕಂತೆ ದೊಡ್ಡ ಕೆಲಸವನ್ನೇ ಒಪ್ಪಿಸುತ್ತಾರೆ, ಆಗ ಹಂಚಬಲ್ಲ ಭಾಗವೇ ಬೆಳೆಯುತ್ತದೆ ಎಂದರು. ಭಕ್ತರು ಹೆಚ್ಚಿದಂತೆ ರೊಟ್ಟಿಗಳ ಸಂಖ್ಯೆ ಹೆಚ್ಚುವುದಲ್ಲವೆ?

ಶಾಲೆಗೆ ಯಾವುದು ಹಿತ?

ಈಗ ನಮ್ಮ ಪ್ರಶ್ನೆಗೆ ಬರೋಣ. ನಲವತ್ತು ಮಕ್ಕಳು ಕುಳಿತು ಕನ್ನಡ ಬೆರಳಚ್ಚು, ಲೆಕ್ಕಪತ್ರ, ಪ್ರಾಥಮಿಕ ಪ್ರೋಗ್ರಾಮಿಂಗ್ ಕಲಿಯುವ ಕೊಠಡಿಗೆ ಆಟದ ಪ್ರೊಸೆಸರೂ ಬೇಕಿಲ್ಲ, ತೊಂಬತ್ತಾರು ಕೋರುಗಳದೂ ಬೇಕಿಲ್ಲ. ಒಂದೇ ಸರ್ವರಿಗೆ ನಲವತ್ತು ಪರದೆಗಳನ್ನು ಜೋಡಿಸಬಹುದೆಂಬುದು ನಿಜ. ಮಕ್ಕಳ ಕೆಲಸಗಳು ಪರಸ್ಪರ ಸ್ವತಂತ್ರವಾದ್ದರಿಂದ ತತ್ತ್ವಕ್ಕೂ ಅದು ಒಪ್ಪುತ್ತದೆ. ಆದರೆ ಅದಕ್ಕೆ ತರಬೇತಿ ಪಡೆದ ನಿರ್ವಾಹಕರು, ತಂಪಾದ ಪ್ರತ್ಯೇಕ ಕೋಣೆ, ಕಡಿತವಿಲ್ಲದ ವಿದ್ಯುತ್ತು ಬೇಕು. ಆ ಒಂದು ಯಂತ್ರ ಕೆಟ್ಟ ದಿನ ನಲವತ್ತು ಪರದೆಗಳೂ ಕತ್ತಲು. ಸಾಧಾರಣ ಡೆಸ್ಕ್‌ಟಾಪುಗಳಾದರೆ ಒಂದು ಕೆಟ್ಟರೂ ಮೂವತ್ತೊಂಬತ್ತು ಮಕ್ಕಳ ಪಾಠ ನಡೆಯುತ್ತದೆ. ನಾಲ್ಕರಿಂದ ಆರು ಕೋರುಗಳು, ಸಾಕಷ್ಟು ಸ್ಮೃತಿ, ಎಸ್‌ಎಸ್‌ಡಿ ಇರುವ ಯಂತ್ರಗಳು ಈ ಪಾಠಗಳಿಗೆ ಧಾರಾಳವಾಗಿ ಸಾಲುತ್ತವೆ.

ಪಾಠಗಳ ವಿಡಿಯೋ ಚಿತ್ರೀಕರಿಸಿ ಸಿದ್ಧಗೊಳಿಸುವ ಕೋಣೆಯಿದ್ದರೆ ಅಲ್ಲಿಗೆ ಹನ್ನೆರಡು ಅಥವಾ ಹದಿನಾರು ಕೋರುಗಳ ಡೆಸ್ಕ್‌ಟಾಪ್ ಒಂದು ಭೂಷಣ. ವಿಡಿಯೋ ಸಿದ್ಧಪಡಿಸುವ ಕೆಲಸ ಬಹುಮಟ್ಟಿಗೆ ಹಂಚಿಹೋಗುವಂಥದು. ಶ್ರೀಮಠದ ಎಲ್ಲ ಶಾಲಾ ಕಾಲೇಜುಗಳ ದಾಖಲೆ, ಗ್ರಂಥಾಲಯ, ಪರೀಕ್ಷೆಗಳನ್ನು ಒಂದೆಡೆ ನಿರ್ವಹಿಸುವುದಾದರೆ ಆಗ ಸರ್ವರಿನ ಮಾತು. ಅದೂ ದೊಡ್ಡದೇ ಆಗಬೇಕೆಂದಿಲ್ಲ. ಡೆಸ್ಕ್‌ಟಾಪಿನ ಸಾಕೆಟ್ಟಿನಲ್ಲಿಯೇ ಕೂಡುವ, ಹದಿನಾರು ಕೋರುಗಳವರೆಗಿನ ಎಪಿಕ್ 4004 ಶ್ರೇಣಿಯು 2024ರಲ್ಲಿಯೇ ಬಂದಿದೆ.

ಕೊಡುವ ಮುನ್ನ ದಾನಿಗಳು ಶಾಲೆಯನ್ನು ಕೆಲವು ಮಾತು ಕೇಳಲಿ. ಈ ಯಂತ್ರ ಮಾಡಬೇಕಾದ ಕೆಲಸ ಯಾವುದು? ಅದು ರೊಟ್ಟಿ ಬಡಿಯುವಂಥದೋ, ಹದ ಕೂಡಿಸುವಂಥದೋ? ಏಕಕಾಲಕ್ಕೆ ಎಷ್ಟು ಜನ ಬಳಸುವರು? ವಿದ್ಯುತ್ತು ಮತ್ತು ತಂಪಿನ ವ್ಯವಸ್ಥೆ ಉಂಟೆ? ಕೆಟ್ಟರೆ ಸರಿಪಡಿಸುವವರು ಯಾರು? ಪ್ರೊಸೆಸರನ್ನಷ್ಟೇ ಕೊಡುವ ಯೋಚನೆಯಿದ್ದರೆ ಇನ್ನೊಂದು ಮಾತು: ಆಟದ ಪ್ರೊಸೆಸರಿನ ತಳದಲ್ಲಿ 1,718 ಸಂಪರ್ಕ ಬಿಂದುಗಳಿದ್ದರೆ ಎಪಿಕ್ 9654ರ ತಳದಲ್ಲಿ 6,096 ಇವೆ. ಒಂದರ ಮದರ್‌ಬೋರ್ಡಿನಲ್ಲಿ ಇನ್ನೊಂದು ಕೂಡುವುದಿಲ್ಲ. ಉಪಾಧ್ಯಾಯರೂ ಕೊಟ್ಟದ್ದನ್ನು ಸಂಕೋಚದಿಂದ ಸ್ವೀಕರಿಸುವ ಬದಲು ತಮಗೆ ಬೇಕಾದುದನ್ನು ಬಿಚ್ಚುಮನಸ್ಸಿನಿಂದ ತಿಳಿಸಬೇಕು. ಹಾಗೆ ತಿಳಿಸುವುದು ದಾನಿಗೆ ತೋರುವ ಅಗೌರವವಲ್ಲ. ಅವರ ಕಾಯಕಕ್ಕೆ ಸಲ್ಲಿಸುವ ಗೌರವ.

ಬಟ್ಟೆ ಹೊದಿಸಿದ ಇಪ್ಪತ್ತೆಂಟು ಕೋರುಗಳಿಗಿಂತ ಮಗುವಿನ ಬೆರಳಿಗೆ ಸಿಕ್ಕ ನಾಲ್ಕು ಕೋರುಗಳು ಮೇಲು. ಪೂಜ್ಯ ಸನ್ನಿಧಿಯವರ ಕೃಪಾಶೀರ್ವಾದದಿಂದ, ದಾನಿಗಳ ಔದಾರ್ಯದಿಂದ, ಉಪಾಧ್ಯಾಯರ ವಿವೇಕದಿಂದ ನಮ್ಮ ಮಕ್ಕಳ ಕೈಗೆ ಅಂಥ ಯಂತ್ರಗಳು ದೊರೆಯಲೆಂದು ಹಾರೈಸುತ್ತೇನೆ.