ಜೀಪಿನ ಇಂಜಿನ್ ಬಿಚ್ಚುವ ಮೊದಲು ಒಂದು ಚಮಚ ಆಯಿಲ್

ಅಡಿಕೆ ಕೊಯ್ಲು ಸುರುವಾಗುವ ಹೊತ್ತಿಗೇ ನಮ್ಮ ಹಳೇ ಪೆಟ್ರೋಲ್ ಜೀಪು ಕೈಕೊಟ್ಟಿತು. ಗೊನೆ ಹೇರಿಕೊಂಡು ಅಂಗಳದ ಏರು ಹತ್ತಲು ದಮ್ಮೇ ಇಲ್ಲ. ನಿಂತಲ್ಲಿ ಬಿಟ್ಟರೆ ಒಂದು ಸಿಲಿಂಡರ್ ಮಿಸ್ಸಿಂಗ್. ಪ್ಲಗ್, ಪಾಯಿಂಟ್ ಬದಲಿಸಿದ್ದಾಯ್ತು. ಗ್ಯಾರೇಜಿನವರು ಶಬ್ದ ಕೇಳಿಯೇ ತೀರ್ಪು ಕೊಟ್ಟರು: "ಕಂಪ್ರೆಶನ್ ಇಲ್ಲ ಅಣ್ಣ, ಇಂಜಿನ್ ಇಳಿಸಿ ರೀಬೋರ್ ಮಾಡ್ಬೇಕು." ಖರ್ಚು ಹಾಗಿರಲಿ, ಕೊಯ್ಲಿನಲ್ಲಿ ಜೀಪು ಗ್ಯಾರೇಜಿನಲ್ಲಿದ್ದರೆ ನಮಗೆ ತಲೆಹೊರೆಯೇ ಗತಿ.

ಕಂಪ್ರೆಶನ್ ಇಲ್ಲ ಅಂದರೆ ಎಲ್ಲಿ ಸೋರುತ್ತದೆ? ಅದನ್ನು ತಿಳಿಯದೆ ಬಿಚ್ಚಲು ಮನಸ್ಸು ಬರಲಿಲ್ಲ. ಸ್ನೇಹಿತರೊಬ್ಬರಲ್ಲಿ ಕಂಪ್ರೆಶನ್ ಗೇಜ್ ಇತ್ತು, ತಂದೆ.

ಇಂಜಿನ್ ಬಿಸಿ ಮಾಡಿ ನಿಲ್ಲಿಸಿ, ನಾಲ್ಕೂ ಪ್ಲಗ್ ತೆಗೆದೆ. ಕಿಡಿ ಹಾರದಂತೆ ಕಾಯಿಲಿನ ವಯರ್ ಕಳಚಿದೆ. ಮಗ ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದ. ಪ್ರತಿ ಸಿಲಿಂಡರಿಗೂ ಐದಾರು ಸುತ್ತು. (ಬ್ಯಾಟರಿ ಸೋತಿದ್ದರೆ ಎಲ್ಲವೂ ಕಡಿಮೆ ತೋರಿಸಿ ಮೋಸವಾಗುತ್ತದೆ.) ಮೂರರಲ್ಲಿ ಚದರ ಇಂಚಿಗೆ 110-115 ಪೌಂಡು, ಮೂರನೆಯದರಲ್ಲಿ ಬರೇ 60.

ಆ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಪುನಃ ನೋಡಿದೆ. ರಿಂಗ್ ಅಥವಾ ಬೋರ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಗೇಜ್ ಮೇಲೇರಬೇಕು. ಮುಳ್ಳು 65 ದಾಟಲಿಲ್ಲ! ಹಾಗಾದರೆ ರಿಂಗ್ ಅಲ್ಲ. ವಾಲ್ವ್ ಅಥವಾ ಗ್ಯಾಸ್ಕೆಟ್. ಎರಡು ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಬೀಳುತ್ತವೆ. ಇಲ್ಲಿ ಒಂದೇ.

ಈ ಇಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವ್ ಹೆಡ್ಡಿನಲ್ಲಿ, ಹೊಗೆಯ ವಾಲ್ವ್ ಬ್ಲಾಕಿನಲ್ಲಿ. ಬದಿಯ ಮುಚ್ಚಳ ಬಿಚ್ಚಿ, ಕೈ ತೂರಿಸಲು ಒದ್ದಾಡಿ, ಮೂರನೆಯದರ ಹೊಗೆ ಟ್ಯಾಪೆಟ್ಟಿಗೆ ಫೀಲರ್ ಗೇಜ್ ಹಾಕಿದರೆ ಅತಿ ತೆಳ್ಳಗಿನ ಎಲೆಯೂ ಹೋಗಲಿಲ್ಲ. ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ತಪ್ಪು ನನ್ನದೇ. ಹಿಂದಿನ ವರ್ಷ 'ಟ್ಯಾಪೆಟ್ ಕಟಕಟ ಅಂತದೆ, ಟೈಟ್ ಮಾಡಿ' ಎಂದು ಒತ್ತಾಯಿಸಿದ್ದು ನಾನು. ಬಳಸಿದಂತೆ ವಾಲ್ವ್ ಸೀಟಿನಲ್ಲಿ ಕುಳಿತು ಉಳಿದ ಸಂದೂ ಮುಗಿದಿತ್ತು.

ಪುಸ್ತಕದಲ್ಲಿದ್ದಷ್ಟು ಸಂದು ಬಿಟ್ಟು ನೋಡಿದರೆ 95. ಮಿಸ್ಸಿಂಗ್ ನಿಂತಿತು. ಉಳಿದವುಗಳ ಸಮಕ್ಕೆ ಬರಲಿಲ್ಲ, ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬೇಕು. ಕೊಯ್ಲು ಮುಗಿದ ಮೇಲೆ ಹೆಡ್ ಎತ್ತಿ ವಾಲ್ವ್ ಗ್ರೈಂಡ್ ಮಾಡಿಸುವುದಿದೆ.

ಡೀಸೆಲ್ ಜೀಪಿನವರು ಈ ಗೇಜ್ ಬಳಸಬೇಡಿ. ಅಲ್ಲಿ ಒತ್ತಡ ಇದರ ಮೂರು ಪಟ್ಟಿನಷ್ಟು. ಪಿಸ್ಟನ್ ಮೇಲಿನ ಜಾಗವೂ ಕಿರಿದು, ಆಯಿಲ್ ಸುರಿದರೆ ಇಂಜಿನ್ನಿಗೇ ಅಪಾಯ.