ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಖರೀದಿ: ತಪ್ಪು ಕಲ್ಪನೆ ಮತ್ತು ಸತ್ಯ

ಬಿಲ್ಲೆ ಹಾಕಿದರೆ ಆಟ ಆರಂಭವಾಗುವ, ಆಳೆತ್ತರದ ಮರದ ಪೆಟ್ಟಿಗೆಯಲ್ಲಿ ಪರದೆ, ಹಿಡಿಕೆ ಮತ್ತು ಗುಂಡಿಗಳನ್ನು ಜೋಡಿಸಿದ ಯಂತ್ರಕ್ಕೆ ಆರ್ಕೇಡ್ ಯಂತ್ರವೆಂದು ಹೆಸರು. ಜಪಾನಿನ ಟೈಟೊ ಸಂಸ್ಥೆಯ ‘ಸ್ಪೇಸ್ ಇನ್ವೇಡರ್ಸ್’ (1978) ಮತ್ತು ನ್ಯಾಮ್ಕೊ ಸಂಸ್ಥೆಯ ‘ಪ್ಯಾಕ್‌ಮ್ಯಾನ್’ (1980) ಈ ಯಂತ್ರಗಳನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿದವು. 1990ರ ದಶಕದ ಹೊತ್ತಿಗೆ ಭಾರತದ ಪಟ್ಟಣಗಳಲ್ಲಿಯೂ ವಿಡಿಯೋ ಗೇಮ್ ಪಾರ್ಲರ್‌ಗಳು ತಲೆಯೆತ್ತಿದ್ದವು. ಕ್ಯಾಪ್‌ಕಾಮ್ ಸಂಸ್ಥೆ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಎಂಬ ಆಟವಂತೂ ಅದರೊಳಗಿನ ಒಂದು ಪಾತ್ರದ ಹೆಸರಿನಿಂದ ‘ಮುಸ್ತಫಾ’ ಎಂದೇ ಇಲ್ಲಿನ ಹುಡುಗರ ಬಾಯಲ್ಲಿ ಉಳಿಯಿತು. ಆ ಕಾಲದ ಪೆಟ್ಟಿಗೆಯೊಂದು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯ ಗೋದಾಮಿನಲ್ಲೋ ಗುಜರಿ ಅಂಗಡಿಯಲ್ಲೋ ಕಣ್ಣಿಗೆ ಬಿದ್ದು, ಅದನ್ನು ಕೊಂಡು ದುರಸ್ತಿ ಮಾಡಿಸಬೇಕೆಂಬ ಆಸೆ ಹುಟ್ಟಿದಾಗ, ಕೊಳ್ಳುವವರ ತೀರ್ಮಾನವನ್ನು ಕೆಲವು ತಪ್ಪು ಕಲ್ಪನೆಗಳು ದಾರಿ ತಪ್ಪಿಸುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ: ಊರಿನಲ್ಲಿಯೇ ಮತ್ತೆ ಮಾಡಿಸಿಕೊಳ್ಳಬಹುದಾದ ಭಾಗ ಯಾವುದು, ಕೆಟ್ಟರೆ ಮರಳಿ ಸಿಗದ ಭಾಗ ಯಾವುದು ಎಂಬ ವ್ಯತ್ಯಾಸವನ್ನು ಗಮನಿಸದಿರುವುದು.

ತಪ್ಪು ಕಲ್ಪನೆ 1: ಪೆಟ್ಟಿಗೆಯ ಮೇಲೆ ಬರೆದ ಆಟವೇ ಒಳಗಿರುತ್ತದೆ.

ಸತ್ಯ: ಆಟವಿರುವುದು ಪೆಟ್ಟಿಗೆಯ ಚಿತ್ರದಲ್ಲಲ್ಲ, ಒಳಗಿನ ಬೋರ್ಡಿನಲ್ಲಿ, ಅಂದರೆ ಚಿಪ್‌ಗಳನ್ನು ಬೆಸುಗೆ ಹಾಕಿ ಕೂರಿಸಿದ ಹಸಿರು ಹಲಗೆಯಲ್ಲಿ. ಜಪಾನಿನ ಆಟದ ಯಂತ್ರ ತಯಾರಕರ ಸಂಘವು 1985ರಲ್ಲಿ ‘ಜಾಮಾ’ ಎಂಬ ಜೋಡಣಾ ಕ್ರಮವನ್ನು ರೂಪಿಸಿ, ವಿದ್ಯುತ್ತು, ಚಿತ್ರ, ಧ್ವನಿ, ಹಿಡಿಕೆ, ಗುಂಡಿ ಎಲ್ಲವೂ ಒಂದೇ 56 ಸಂಪರ್ಕಬಿಂದುಗಳ ಪಟ್ಟಿಯ ಮೂಲಕ ಹಾಯುವಂತೆ ಮಾಡಿದ್ದರಿಂದ, ಹಳೆಯ ಬೋರ್ಡನ್ನು ಎಳೆದು ಹೊಸದನ್ನು ಸಿಕ್ಕಿಸುವುದು ಕೆಲವೇ ನಿಮಿಷಗಳ ಕೆಲಸವಾಯಿತು. ಹೀಗಾಗಿ ಪೆಟ್ಟಿಗೆಯ ಪಕ್ಕದ ಹಲಗೆಯಲ್ಲಿ ಒಂದು ಆಟದ ಚಿತ್ರ, ಪರದೆಯಲ್ಲಿ ಇನ್ನೊಂದು ಆಟ ಇರುವುದು ಸಹಜವಾಯಿತು. ಅದರ ಜೊತೆಗೆ ಮೂಲ ತಯಾರಕರ ಅನುಮತಿಯಿಲ್ಲದೆ ನಕಲು ಮಾಡಿದ ಬೋರ್ಡುಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿದ್ದವು. ಬೋರ್ಡಿನ ಮೇಲೆ ಅಚ್ಚಾದ ತಯಾರಕರ ಗುರುತು, ಸಂಖ್ಯೆ ಮತ್ತು ವರ್ಷಗಳನ್ನು ಹಿಂಬದಿಯ ಬಾಗಿಲು ತೆಗೆಸಿ ಓದದ ಹೊರತು ಯಂತ್ರದ ಗುರುತು ಖಚಿತವಾಗುವುದಿಲ್ಲ. ಗುರುತು ನಿರ್ಧರಿಸುವುದು ಊಹೆಯಲ್ಲ, ಬರಹ ಎಂಬುದಕ್ಕೆ ಮಸ್ಕಿಯೇ ಪ್ರಸಿದ್ಧ ನಿದರ್ಶನ: ಇತರ ಶಾಸನಗಳು ‘ದೇವಾನಾಂಪಿಯ’ ಎಂಬ ಬಿರುದನ್ನಷ್ಟೇ ಹೇಳುತ್ತಿದ್ದಾಗ, 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಬಂಡೆಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ ಆ ಬಿರುದು ಯಾರದೆಂಬ ಪ್ರಶ್ನೆ ಬಗೆಹರಿಯಿತು.

ತಪ್ಪು ಕಲ್ಪನೆ 2: ಹೊರಮೈ ಹಾಳಾಗಿದ್ದರೆ ಯಂತ್ರ ನಿರುಪಯೋಗಿ, ಹೊರಮೈ ಹೊಳೆಯುತ್ತಿದ್ದರೆ ಯಂತ್ರ ಉತ್ತಮ.

ಸತ್ಯ: ಗೀರು ಬಿದ್ದ ಬಣ್ಣ, ಎದ್ದು ಬಂದ ಸನ್ಮೈಕ, ಸಡಿಲವಾದ ಹಿಡಿಕೆ, ಒತ್ತಿದರೂ ಕೆಲಸ ಮಾಡದ ಗುಂಡಿ ಇವೆಲ್ಲವೂ ಅಗ್ಗದಲ್ಲಿ ಸರಿಹೋಗುವ ದೋಷಗಳು, ಗುಂಡಿಯ ಕೆಳಗಿರುವ ಮೈಕ್ರೊಸ್ವಿಚ್ಚನ್ನು, ಅಂದರೆ ಒತ್ತಡಕ್ಕೆ ‘ಟಿಕ್’ ಎಂದು ಸಂಪರ್ಕ ಕೂಡಿಸುವ ಪುಟ್ಟ ಪೆಟ್ಟಿಗೆಯನ್ನು, ಕೆಲವೇ ರೂಪಾಯಿಗಳಲ್ಲಿ ಬದಲಿಸಬಹುದು. ನಿಜವಾಗಿ ನೋಡಬೇಕಾದುದು ಪೆಟ್ಟಿಗೆಯ ಬುಡವನ್ನು. ಅದು ಪ್ಲೈವುಡ್ಡಿನದಾಗಿದ್ದರೆ ಕೊಳೆತ ಅಂಚನ್ನು ಕತ್ತರಿಸಿ ತೇಪೆ ಹಾಕುವುದು ಸಿಂಧನೂರಿನ ಯಾವ ಬಡಿಗರಿಗೂ ಕಷ್ಟವಲ್ಲ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯಾಗಿದ್ದರೆ, ಒಮ್ಮೆ ನೀರು ಕುಡಿದು ಊದಿಕೊಂಡ ಮೇಲೆ ಅದು ಮೊಳೆಯನ್ನೂ ಹಿಡಿಯುವುದಿಲ್ಲ, ಮೊದಲಿನ ಆಕಾರಕ್ಕೂ ಮರಳುವುದಿಲ್ಲ, ಆ ಭಾಗವನ್ನೇ ಹೊಸದಾಗಿ ಕೊಯ್ಸಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿರುವ ಈ ಭತ್ತದ ಸೀಮೆಯಲ್ಲಿ ನೆಲದ ತೇವ ಮತ್ತು ಗೆದ್ದಲು ಎರಡೂ ಬುಡದಿಂದಲೇ ಏರುತ್ತವೆಯಾದ್ದರಿಂದ, ಚೂಪಾದ ಸ್ಕ್ರೂಡ್ರೈವರಿನಿಂದ ಕೆಳ ಅಂಚನ್ನು ಚುಚ್ಚಿ ನೋಡುವುದು, ಒಳಮೂಲೆಗಳಲ್ಲಿ ಮಣ್ಣಿನ ಗೆರೆಗಳಿವೆಯೇ ಎಂದು ಹುಡುಕುವುದು ಬಣ್ಣದ ಹೊಳಪಿಗಿಂತ ಹೆಚ್ಚಿನ ಮಾಹಿತಿ ನೀಡುತ್ತದೆ.

ತಪ್ಪು ಕಲ್ಪನೆ 3: ಸ್ವಿಚ್ ಹಾಕಿದಾಗ ಆಟ ಬಂದರೆ ಯಂತ್ರ ಸುಸ್ಥಿತಿಯಲ್ಲಿದೆ ಎಂದರ್ಥ.

ಸತ್ಯ: ಐದು ನಿಮಿಷದ ಆಟ ಐದು ನಿಮಿಷದ ಆರೋಗ್ಯವನ್ನಷ್ಟೇ ತೋರಿಸುತ್ತದೆ. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಸಮವಾಗಿ ಹರಿಯಿಸುವ ಕೆಪಾಸಿಟರ್‌ಗಳೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಬಿಸಿಲು 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಇನ್ನೂ ಬೇಗ ಒಣಗುತ್ತದೆ. ಅಂಥ ಯಂತ್ರದಲ್ಲಿ ಚಿತ್ರ ಆರಂಭದಲ್ಲಿ ನೆಟ್ಟಗಿದ್ದು, ಒಳಗೆ ಬಿಸಿಯೇರಿದ ಮೇಲೆ ಅಂಚುಗಳು ಬಾಗುವುದು, ಧ್ವನಿಯಲ್ಲಿ ಗುಂಯ್‌ಗುಡುವಿಕೆ ಸೇರುವುದು ಕಂಡುಬರುತ್ತದೆ. ಆದ್ದರಿಂದ ಕನಿಷ್ಠ ಒಂದು ತಾಸು ಓಡಿಸಿ ನೋಡಬೇಕು. ಆಟದ ಮಾಹಿತಿಯನ್ನು ಹಿಡಿದಿಡುವ ‘ಇಪ್ರಾಮ್’ ಎಂಬ ಚಿಪ್ಪಿನ ಬೆನ್ನಿನ ಮೇಲೆ ಒಂದು ಸಣ್ಣ ಗಾಜಿನ ಕಿಂಡಿಯಿರುತ್ತದೆ; ಅತಿನೇರಳೆ ಬೆಳಕು ಅದರ ಮೂಲಕ ಬಿದ್ದರೆ ಬರೆದದ್ದು ಅಳಿಸಿಹೋಗುವುದರಿಂದ ತಯಾರಕರು ಅದರ ಮೇಲೆ ಕಾಗದದ ಚೀಟಿ ಅಂಟಿಸಿರುತ್ತಾರೆ. ಆ ಚೀಟಿ ಉದುರಿ ಕಿಂಡಿ ಬರಿದಾಗಿ ಕಾಣುತ್ತಿದ್ದರೆ ಅದು ಎಚ್ಚರಿಕೆಯ ಗುರುತು. ಬ್ಯಾಟರಿಯದು ಮತ್ತೊಂದು ಸಮಸ್ಯೆ: ಸೋರಿದ ಬ್ಯಾಟರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಕ್ಯಾಪ್‌ಕಾಮ್‌ನ ‘ಸಿಪಿಎಸ್-2’ ಮಾದರಿಯಲ್ಲಂತೂ ಆಟದ ಗುಪ್ತಲಿಪಿಯನ್ನು ಬಿಡಿಸುವ ಕೀಲಿಯೇ ಬ್ಯಾಟರಿಯ ಬಲದ ಮೇಲೆ ನಿಂತಿರುವುದರಿಂದ, ಬ್ಯಾಟರಿ ಸತ್ತ ದಿನ ಆಟವೂ ನಿಲ್ಲುತ್ತದೆ, ಅದನ್ನು ಮತ್ತೆ ಎಬ್ಬಿಸಲು ಪರಿಣತರ ನೆರವು ಬೇಕಾಗುತ್ತದೆ. ಜಪಾನಿನ 100 ವೋಲ್ಟ್ ಅಥವಾ ಅಮೆರಿಕದ 120 ವೋಲ್ಟಿಗೆಂದು ತಯಾರಾದ ಯಂತ್ರವನ್ನು, ಒಳಗಿನ ಪಟ್ಟಿಯನ್ನು ಓದದೆ ಇಲ್ಲಿನ 230 ವೋಲ್ಟಿಗೆ ಜೋಡಿಸಿ ಪರೀಕ್ಷಿಸಿದರೆ, ಪರೀಕ್ಷೆಯೇ ಯಂತ್ರವನ್ನು ಸುಡುವ ಸಂಭವವಿದೆ.

ತಪ್ಪು ಕಲ್ಪನೆ 4: ಪಿಕ್ಚರ್ ಟ್ಯೂಬ್ ಕೆಟ್ಟಿದ್ದರೆ ಎಲ್‌ಇಡಿ ಟಿವಿ ಕೂರಿಸಿದರೆ ಸಾಕು.

ಸತ್ಯ: ಕೂರಿಸಬಹುದು, ಆದರೆ ದೊರೆಯುವುದು ಅದೇ ಚಿತ್ರವಲ್ಲ. ಹಳೆಯ ಆಟಗಳ ಚಿತ್ರ ಸಾಮಾನ್ಯವಾಗಿ 224 ಅಥವಾ 240 ಅಡ್ಡಗೆರೆಗಳದ್ದು. ಗಾಜಿನ ಟ್ಯೂಬಿನ ಮೇಲೆ ಮೃದುವಾಗಿ ಬೆರೆತು ಕಾಣುವ ಆ ಗೆರೆಗಳನ್ನು ಚಪ್ಪಟೆ ಪರದೆ ಹಿಗ್ಗಿಸಿ ತೋರಿಸುವಾಗ ಆಕೃತಿಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ, ನಡುವೆ ಒಂದು ಪರಿವರ್ತಕ ಬೋರ್ಡೂ ಬೇಕಾಗುತ್ತದೆ. ಟ್ಯೂಬುಗಳ ತಯಾರಿಕೆ ಬಹುತೇಕ ನಿಂತುಹೋಗಿರುವುದರಿಂದ ಒಳ್ಳೆಯ ಟ್ಯೂಬೇ ಯಂತ್ರದ ಅಮೂಲ್ಯ ಭಾಗ. ಯಂತ್ರ ಆರಿದ್ದಾಗಲೂ ಪರದೆಯ ಮೇಲೆ ಹಳೆಯ ಆಟದ ನೆರಳು ಕಾಣುತ್ತಿದ್ದರೆ ಒಳಗಿನ ಬೆಳಕು ಸೂಸುವ ಫಾಸ್ಫರ್ ಲೇಪ ಸುಟ್ಟಿದೆಯೆಂದು ತಿಳಿಯಬೇಕು. ಚಿತ್ರ ಬಹಳ ಹೊತ್ತು ಮಂಕಾಗಿದ್ದು ನಿಧಾನವಾಗಿ ತಿಳಿಯಾದರೆ, ರಿಪೇರಿಯವರ ಮಾತಿನಲ್ಲಿ, ‘ಟ್ಯೂಬ್ ವೀಕ್’ ಆಗಿದೆ. ಸಮಾಧಾನದ ಸಂಗತಿಯೂ ಉಂಟು: ಈ ಯಂತ್ರಗಳ ಪರದೆ ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆಗಳನ್ನು ಎಳೆದರೆ, ಭಾರತದ ಹಳೆಯ ಬಣ್ಣದ ಟಿವಿ 15,625 ಗೆರೆಗಳನ್ನು ಎಳೆಯುತ್ತದೆ, ಈ ಸಾಮೀಪ್ಯದಿಂದಾಗಿ ಹಳೆಯ ಟಿವಿ ರಿಪೇರಿ ಬಲ್ಲ ಹಿರಿಯ ಕುಶಲಕರ್ಮಿಗೆ ಇದರ ಒಳಗು ಅಪರಿಚಿತವೆನಿಸುವುದಿಲ್ಲ. ಆದರೆ ಬಣ್ಣದ ಟ್ಯೂಬಿನ ಮೇಲೆ ಸುಮಾರು 25,000 ವೋಲ್ಟ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ವಿದ್ಯುದಂಶ ಉಳಿದಿರಬಹುದು. ಆ ಭಾಗಕ್ಕೆ ಅನುಭವವಿಲ್ಲದವರು ಕೈ ಹಾಕಬಾರದು.

ತಪ್ಪು ಕಲ್ಪನೆ 5: ಹಳೆಯದಾದಷ್ಟೂ ಬೆಲೆ ಹೆಚ್ಚು, ಆದ್ದರಿಂದ ದುರಸ್ತಿಯ ಖರ್ಚು ತಾನಾಗಿಯೇ ಮರಳುತ್ತದೆ.

ಸತ್ಯ: ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿನಿಂದ ದೊರೆಯುವ ಚಿನ್ನ ಕೆಲವೇ ಗ್ರಾಂ, ಹೀಗಿರುವಾಗ ಅದಿರಿನ ಮಾದರಿಯನ್ನು ಪರೀಕ್ಷಿಸದೆ ಯಾರೂ ಬಂಡೆ ಒಡೆಯುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಬೆಲೆ ಬರುವುದು ವಯಸ್ಸಿಗಲ್ಲ, ಮೂಲ ಬೋರ್ಡು, ಮೂಲ ಟ್ಯೂಬು, ಮೂಲ ಪೆಟ್ಟಿಗೆ ಒಟ್ಟಿಗೆ ಉಳಿದಿರುವುದಕ್ಕೆ. ಸ್ಥಳೀಯ ಬಡಿಗರು ಮಾಡಿದ ಪೆಟ್ಟಿಗೆಯಲ್ಲಿ ಟಿವಿಯ ಟ್ಯೂಬು ಮತ್ತು ನಕಲು ಬೋರ್ಡು ಇದ್ದರೆ ಅದು ಸಂಗ್ರಾಹಕರ ಬೆಲೆಗೆ ಮಾರಾಟವಾಗುವುದು ಅಪರೂಪ, ಆದರೂ ಪಾರ್ಲರ್ ಕಾಲದ ನಿಜವಾದ ಕುರುಹಾಗಿ ಅದಕ್ಕೆ ತನ್ನದೇ ಮೌಲ್ಯವಿದೆ. ಇದಲ್ಲದೆ ನೂರು ಕಿಲೋಗೂ ಹೆಚ್ಚು ತೂಗಬಲ್ಲ ಪೆಟ್ಟಿಗೆಯ ಸಾಗಣೆ, ಮನೆಯ ಬಾಗಿಲಿನ ಅಗಲ, ಕೆಲಸದವರ ಕೂಲಿ ಇವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ತಪ್ಪು ಕಲ್ಪನೆ 6: ಸ್ವಂತ ಯಂತ್ರವಾದ ಮೇಲೆ ಅಂಗಡಿಯಲ್ಲಿಟ್ಟು ಬಿಲ್ಲೆಗೆ ಹಣ ಪಡೆಯಲು ಅಡ್ಡಿಯಿಲ್ಲ.

ಸತ್ಯ: ಮನೆಯಲ್ಲಿ ಆಡಲು ಇಟ್ಟುಕೊಳ್ಳುವುದು ಬೇರೆ, ಸಾರ್ವಜನಿಕರಿಂದ ಹಣ ಪಡೆದು ಆಡಿಸುವುದು ಬೇರೆ. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ವಿಡಿಯೋ ಗೇಮ್ ನಡೆಸುವ ಸ್ಥಳಗಳನ್ನು ಪರವಾನಗಿಯ ಮೂಲಕ ನಿಯಂತ್ರಿಸುವ ಅಧಿಕಾರವನ್ನು ಎತ್ತಿಹಿಡಿದಿದೆ. ಆದ್ದರಿಂದ ಅಂಗಡಿಯ ಆಲೋಚನೆಯಿದ್ದವರು ಯಂತ್ರ ಕೊಳ್ಳುವ ಮೊದಲೇ ಸ್ಥಳೀಯ ಅಧಿಕಾರಿಗಳಲ್ಲಿ ವಿಚಾರಿಸಬೇಕು.

ಇಷ್ಟನ್ನು ಒಟ್ಟುಗೂಡಿಸಿದರೆ ತೀರ್ಮಾನದ ಕ್ರಮ ಸ್ಪಷ್ಟವಾಗುತ್ತದೆ. ಟ್ಯೂಬು ಮತ್ತು ಬೋರ್ಡು ಎರಡೂ ಚೆನ್ನಾಗಿದ್ದು ಮರ ಮಾತ್ರ ಹಾಳಾಗಿದ್ದರೆ, ನೋಟಕ್ಕೆ ಎಷ್ಟೇ ವಿಕಾರವಾಗಿದ್ದರೂ ಅದು ಕೊಳ್ಳಬಹುದಾದ ಯಂತ್ರ; ಎರಡರಲ್ಲಿ ಒಂದಷ್ಟೇ ಉಳಿದಿದ್ದರೆ, ಇಲ್ಲದ ಭಾಗದ ಬೆಲೆಯನ್ನು ಮಾರುವವರ ಎದುರಿನಲ್ಲಿಯೇ ಕಳೆದು ಮಾತನಾಡಬೇಕು; ಎರಡೂ ಹೋಗಿದ್ದರೆ ಉಳಿದದ್ದು ಮರದ ಪೆಟ್ಟಿಗೆ ಮಾತ್ರ, ಅದಕ್ಕೆ ಪೆಟ್ಟಿಗೆಯ ಬೆಲೆಯನ್ನಷ್ಟೇ ಕೊಡಬೇಕು. ಕೊಂಡ ಮೇಲೆ ಮೊದಲ ಕೆಲಸ ಬಣ್ಣ ಬಳಿಯುವುದಲ್ಲ: ಒಂದು ತಂತಿಯನ್ನೂ ಕಳಚುವ ಮುನ್ನ ಒಳಗಿನ ಜೋಡಣೆಯ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಬದಲಿಸಿದ ಪ್ರತಿ ಭಾಗದ ಹೆಸರು ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಹಿಂಬಾಗಿಲಿನ ಒಳಮೈಗೆ ಅಂಟಿಸಬೇಕು; ಮುಂದೆ ಆ ಬಾಗಿಲು ತೆಗೆಯುವವರಿಗೆ ಯಂತ್ರದಲ್ಲಿ ಮೂಲದ್ದು ಯಾವುದು, ನಂತರ ಸೇರಿದ್ದು ಯಾವುದು ಎಂಬುದು ಅಲ್ಲಿಯೇ ಓದಲು ಸಿಗುತ್ತದೆ.