ಕರೆಂಟ್ ಹೋದ ಮೇಲೆ ಮಾತಾಡುವವರು ಯಾರು?

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆ ಬೆಂಗಳೂರಿಗರಿಗೆ ಇನ್ನೂ ನೆನಪಿದೆ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಮಳೆಮಾಪಕ 131.6 ಮಿಲಿಮೀಟರ್ ತೋರಿಸುತ್ತಿತ್ತು. ವಿಲ್ಲಾಗಳ ಮುಂದೆ ಟ್ರ್ಯಾಕ್ಟರ್ ಓಡಾಡಿದ ಚಿತ್ರಗಳನ್ನು ದೇಶವೇ ನೋಡಿತು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ ನಗರಕ್ಕೆ ಬರುವ ಕಾವೇರಿ ನೀರಿನ ಪೂರೈಕೆ ಕೆಟ್ಟಿತು. ಬೀದಿ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ!

ಇಂಥ ಮಳೆ ಮತ್ತೆ ಬರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿದಿಟ್ಟುಕೊಳ್ಳಬಲ್ಲದು. 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವಿಶಾಲ ಪ್ರದೇಶವನ್ನು ತೋಯಿಸುವ ಅತಿವೃಷ್ಟಿ ಮೂರು ಪಟ್ಟು ಹೆಚ್ಚಿದೆ ಎಂದು 2017ರ ಅಧ್ಯಯನವೊಂದು ತೋರಿಸಿದೆ.

ಆಗ ಸ್ಲಂ ಬೋರ್ಡ್ ಕ್ವಾರ್ಟರ್ಸ್‌ನಲ್ಲಿ ಏನಾಗಬಹುದು? ಮೊದಲು ನೆಲಮಟ್ಟದ ಸಂಪಿಗೆ ಚರಂಡಿ ನೀರು ಸೇರುತ್ತದೆ. ಮೆಟ್ಟಿಲ ಬುಡದಲ್ಲಿರುವ ಮೀಟರ್ ಬೋರ್ಡಿನವರೆಗೆ ನೀರೇರಿದರೆ ಕರೆಂಟ್ ತೆಗೆಯದೆ ವಿಧಿಯಿಲ್ಲ. ಕರೆಂಟ್ ಹೋದರೆ ಮೋಟಾರ್ ಓಡದು, ಮೇಲಿನ ಟ್ಯಾಂಕ್ ಬರಿದಾಗುತ್ತದೆ. ಮೊಬೈಲ್ ಟವರಿನ ಬ್ಯಾಟರಿ ಬರುವುದು ಕೆಲವೇ ಗಂಟೆ. ಸಂಪಿನ ನೀರು ಕುಡಿಯಬೇಡಿ ಎಂದು ಹೇಳಬೇಕಾದ ಹೊತ್ತಿಗೇ ಹೇಳುವ ದಾರಿ ಮುಚ್ಚಿಹೋಗಿರುತ್ತದೆ.

ನ್ಯೂಯಾರ್ಕ್ ಇದನ್ನು 2012ರ ಅಕ್ಟೋಬರ್‌ನಲ್ಲಿ ಅನುಭವಿಸಿತು. ಸ್ಯಾಂಡಿ ಚಂಡಮಾರುತ ಬೀಸಿದಾಗ ಅಲ್ಲಿನ ಸರ್ಕಾರಿ ವಸತಿಯ 400ಕ್ಕೂ ಹೆಚ್ಚು ಕಟ್ಟಡಗಳು ಕತ್ತಲಾದವು. ತೊಂದರೆಗೆ ಸಿಕ್ಕವರು ಸುಮಾರು 80,000 ಮಂದಿ. ಲಿಫ್ಟ್ ನಿಂತು ವೃದ್ಧರು ಮೇಲಿನ ಮಹಡಿಗಳಲ್ಲೇ ಉಳಿದರು. ಚಂಡಮಾರುತ ತಟ್ಟಿದ ಪ್ರದೇಶದಲ್ಲಿ ನಾಲ್ಕರಲ್ಲೊಂದು ಮೊಬೈಲ್ ಟವರ್ ಕೆಲಸ ನಿಲ್ಲಿಸಿತ್ತು.

ಜಪಾನಿನ ಕೋಬೆ ಬೇರೊಂದು ಪಾಠ ಕಲಿಸಿತು. 1995ರ ಜನವರಿ 17ರ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ನಾಗಾತಾ ಬಡಾವಣೆಯಲ್ಲಿದ್ದ ಕೊರಿಯನ್ ಮತ್ತು ವಿಯೆಟ್ನಾಮಿ ಕುಟುಂಬಗಳಿಗೆ ಜಪಾನಿ ಭಾಷೆಯ ಪ್ರಕಟಣೆಗಳು ತಲುಪಲಿಲ್ಲ. ಎರಡೇ ವಾರದಲ್ಲಿ ಅಲ್ಲಿಯವರೇ ಪುಟ್ಟ ರೇಡಿಯೋ ಶುರು ಮಾಡಿ ನೀರು, ಔಷಧಿ ಎಲ್ಲಿ ಸಿಗುತ್ತದೆಂದು ಅವರವರ ಭಾಷೆಯಲ್ಲಿ ಹೇಳತೊಡಗಿದರು. ಮರುವರ್ಷ ಅದು ‘ಎಫ್‌ಎಂ ವೈವೈ’ ಆಗಿ ನೆಲೆನಿಂತಿತು. ಕನ್ನಡದ ಜೊತೆ ತಮಿಳು, ತೆಲುಗು, ದಖನಿ ಒಂದೇ ಮೆಟ್ಟಿಲಲ್ಲಿ ಕೇಳಿಬರುವ ನಮ್ಮ ಕ್ವಾರ್ಟರ್ಸ್‌ಗಳಿಗೂ ಬೇಕಿರುವುದು ಇಂಥದ್ದೇ.

ಅದಕ್ಕೆ ಬೇಕಾದ ಬೀಜ ನಮ್ಮಲ್ಲಿ ಇಲ್ಲದಿಲ್ಲ. ಜಯನಗರದ ಸಮುದಾಯ ಬಾನುಲಿ ‘ರೇಡಿಯೋ ಆ್ಯಕ್ಟಿವ್ 90.4’ 2007ರಿಂದ ಮಾತಾಡುತ್ತಿದೆ. ಸಮುದಾಯ ಬಾನುಲಿಗೆ ಸಿಗುವ ಶಕ್ತಿ 100 ವ್ಯಾಟ್. ಐದರಿಂದ ಹತ್ತು ಕಿಲೋಮೀಟರ್ ತಲುಪಲು ಅಷ್ಟು ಸಾಕು. ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ನಗರದ ಮೂಲೆಮೂಲೆಯ ಮಳೆಲೆಕ್ಕವೂ ಇದೆ. ಅದು ‘ಮೇಘ ಸಂದೇಶ’ ಆ್ಯಪಿನಲ್ಲಿ ಸಿಗುತ್ತದೆ. ನೆಟ್‌ವರ್ಕ್ ಇರುವ ತನಕ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳೆಲ್ಲ ಒಮ್ಮೆಗೇ ಕಿರುಚಿದ ಪರೀಕ್ಷಾರ್ಥ ಎಚ್ಚರಿಕೆಗೂ ಟವರ್ ಬದುಕಿರಲೇಬೇಕು.

ಕೇಳುವ ಸಾಧನವೂ ಕೈಜಾರುತ್ತಿದೆ. ಮೊಬೈಲ್ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ. ವೈರ್ ಸಿಕ್ಕಿಸುವ ತೂತು ಮಾಯವಾದಂತೆ ಎಫ್‌ಎಂ ಕೂಡ ಮಾಯವಾಗುತ್ತಿದೆ. ಎಫ್‌ಎಂ ಸೌಲಭ್ಯ ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಹೇಳಿತು. ಆದರೆ ಅದು ಬರೀ ಸಲಹೆ.

ಪರಿಹಾರ ದುಬಾರಿಯಲ್ಲ. ಬಾನುಲಿ ಕೇಂದ್ರಕ್ಕೆ ಎರಡು ದಿನ ತಡೆಯುವ ಬ್ಯಾಟರಿ, ಉಸ್ತುವಾರಿ ಕೇಂದ್ರದಿಂದ ನೇರ ಮಾಹಿತಿ, ಪ್ರತಿ ಬ್ಲಾಕಿಗೆ ಸೆಲ್ ಹಾಕಿದ ಎರಡು ರೇಡಿಯೋ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ಬಲ್ಲ ಇಬ್ಬರು ಹೆಂಗಸರು. ಇವೆಲ್ಲ ಮಳೆಗೆ ಮೊದಲೇ ಸಿದ್ಧವಿರಬೇಕು. ದಿನವೂ ಕೇಳದ ದನಿಯನ್ನು ಆಪತ್ತಿನಲ್ಲಿ ಯಾರೂ ನಂಬುವುದಿಲ್ಲ.

ಅಟ್ಟದ ಮೇಲೆ ಹಳೇ ರೇಡಿಯೋ ಇದ್ದರೆ ಇಳಿಸಿ, ಸೆಲ್ ಹಾಕಿ, 90.4ಕ್ಕೆ ತಿರುಗಿಸಿ. ಏನೂ ಕೇಳಿಸದಿದ್ದರೆ ಅದು ಇವತ್ತೇ ತಿಳಿಯಲಿ. ಮುಂಗಾರಿನ ನಡುರಾತ್ರಿ ಬೇಡ.